ಹಸಿ ಕಸಕ್ಕೆ ಕವರ್ ಬೇಡ

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಈಗ ಹಸಿ ಕಸ ಬೇರೆ, ಒಣ ಕಸ ಬೇರೆ ಇಡುತ್ತಾರೆ. ಆದರೆ ಬೇರ್ಪಡಿಸಿದ ಹಸಿ ಕಸವನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿಗೆ ಗಂಟು ಬಿಗಿದು ಕಸದ ಆಟೋಗೆ ಹಾಕುವವರೇ ಬಹಳ. ಅಲ್ಲಿಗೆ ಮಾಡಿದ ಕೆಲಸವೆಲ್ಲ ದಂಡ.

ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರಕ್ಕೆ 2012ರಲ್ಲಿ ಲಾರಿ ಹೋಗುವುದು ನಿಂತಾಗ ನಗರದ ಬೀದಿಗಳಲ್ಲೇ ಕಸ ಗುಡ್ಡೆಯಾಗಿತ್ತು. ಕಸ ಸುರಿಯುತ್ತಿದ್ದ ಇನ್ನೊಂದು ಊರಾದ ಮಂಡೂರಿನವರ ಹೋರಾಟದಿಂದ 2014ರ ಕೊನೆಗೆ ಅಲ್ಲಿಯೂ ಬಾಗಿಲು ಮುಚ್ಚಿತು. ಮರುವರ್ಷ ಹೈಕೋರ್ಟ್ ಆದೇಶದೊಂದಿಗೆ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿ ಬಂತು. ಈಗ ಬೆಂಗಳೂರಿನ ಪಾಲಿಕೆ ಒಡೆದು ಐದಾಗಿದೆ, ಆದರೂ ಮನೆಯೊಳಗಿನ ಕೆಲಸ ಅದೇ.

ಹಸಿ ಕಸದ ಹಸಿರು ಬುಟ್ಟಿಯನ್ನು ಸಿಂಕಿನ ಹತ್ತಿರ, ಪ್ಯಾಡ್, ಡೈಪರ್‌ನಂಥ ಕಸದ ಕೆಂಪು ಬುಟ್ಟಿಯನ್ನು ಬಚ್ಚಲಿನಲ್ಲಿ, ಒಣ ಕಸದ ಚೀಲವನ್ನು ಯುಟಿಲಿಟಿಯಲ್ಲಿ ಇಡಿ. ಕಸ ಹುಟ್ಟುವ ಜಾಗದಲ್ಲೇ ಬೇರೆಯಾಗಬೇಕು. ಬೆರೆಸಿಟ್ಟು ಬೆಳಿಗ್ಗೆ ಆರಿಸೋಣ ಎಂದುಕೊಂಡರೆ ಅದು ಆಗುವ ಮಾತಲ್ಲ.

ಹಸಿರು ಬುಟ್ಟಿಗೆ ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಚಹಾ ಚರಟ, ಮೊಟ್ಟೆ ಚಿಪ್ಪು, ಮೂಳೆ, ದೇವರ ಮನೆಯ ಬಾಡಿದ ಹೂ. ಹೂವಿನ ದಾರ ಮೊದಲು ಎಳೆದು ತೆಗೆಯಿರಿ. ಸಾರು, ಮಜ್ಜಿಗೆಯ ನೀರು ಬಸಿದ ಮೇಲೆ ಉಳಿದದ್ದನ್ನು ಮಾತ್ರ ಹಾಕಿ.

ಕವರ್ ಇಲ್ಲದಿದ್ದರೆ ಬುಟ್ಟಿ ಗಲೀಜಾಗುತ್ತದೆ, ನಾರುತ್ತದೆ ಎನ್ನುತ್ತಾರೆ. ತಳಕ್ಕೆ ಎರಡು ಹಾಳೆ ಹಳೆಯ ಪತ್ರಿಕೆ ಹಾಸಿ. ಆಟೋ ಬಂದಾಗ ಬುಟ್ಟಿಯನ್ನೇ ಒಯ್ದು ಮಗುಚಿ, ಪತ್ರಿಕೆಯೂ ಜತೆಗೇ ಹೋಗಲಿ. ಒಂದು ಚೊಂಬು ನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದರೆ ಮುಗಿಯಿತು. ಗಂಟು ಹಾಕಿದ ಕವರಿನೊಳಗೆ ಗಾಳಿಯಾಡದೆ ಕಸ ಕೊಳೆಯುತ್ತದೆ. ನಿಜವಾದ ನಾತ ಹುಟ್ಟುವುದು ಅಲ್ಲಿ. ಆ ಗಂಟನ್ನು ಪೌರಕಾರ್ಮಿಕರು ಕೈಯಿಂದ ಹರಿದು ಸುರಿಯಬೇಕು. ಒಳಗೆ ಬ್ಲೇಡ್ ಇದ್ದರೆ ಕುಯ್ಯುವುದು ಅವರ ಬೆರಳನ್ನು. ಹರಿಯದೆ ಬಿಟ್ಟ ಕವರು ಕಸ ಸುರಿಯುವ ಕ್ವಾರಿಯ ಗುಂಡಿ ಸೇರುತ್ತದೆ, ಇಲ್ಲವೇ ಚೂರುಚೂರಾಗಿ ಗೊಬ್ಬರದಲ್ಲಿ ಉಳಿಯುತ್ತದೆ. ಪ್ಲಾಸ್ಟಿಕ್ ಚೂರಿರುವ ಗೊಬ್ಬರವನ್ನು ಯಾವ ರೈತ ಹೊಲಕ್ಕೆ ಹಾಕಿಕೊಂಡಾನು?

‘ಮಣ್ಣಲ್ಲಿ ಕರಗುತ್ತದೆ’ ಎಂದು ಅಚ್ಚು ಹಾಕಿದ ಕವರುಗಳನ್ನೂ ಬಳಸಬೇಡಿ. ಅವುಗಳಲ್ಲಿ ಹಲವು ಕರಗಲು ಗೊಬ್ಬರ ಮಾಡುವ ದೊಡ್ಡ ಘಟಕದ ಬಿಸಿ ಬೇಕು. ಆಟೋ ಮೇಲೆ ನಿಂತವರಿಗೆ ಇದು ಕರಗುವ ಕವರು, ಅದು ಕರಗದ್ದು ಎಂದು ನೋಡಿದರೆ ತಿಳಿಯುವುದೂ ಇಲ್ಲ. ಆಟೋ ಬರುವ ಹೊತ್ತಿಗೆ ಮನೆಯಲ್ಲಿ ಇರದವರು ಕವರನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಾರೆ, ನಾಯಿ ಎಳೆದಾಡುತ್ತದೆ. ಅದರ ಬದಲು ಮುಚ್ಚಳ ಭದ್ರವಾಗಿರುವ ಬುಟ್ಟಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗಿ. ಅವರ ಬುಟ್ಟಿಯನ್ನು ಇನ್ನೊಂದು ದಿನ ನೀವು ಸುರಿದರಾಯಿತು.

ಒಣ ಕಸ ನಿಜಕ್ಕೂ ಒಣಗಿರಬೇಕು. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಆ ಚೂರು ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ. ಪ್ಯಾಕೆಟ್ಟನ್ನು ಜಾಲಿಸಿ, ನೇತುಹಾಕಿ, ಆಮೇಲೆ ಚೀಲಕ್ಕೆ ಹಾಕಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಿ. ವಾರ್ಡಿನ ಒಣ ಕಸ ಸಂಗ್ರಹಣಾ ಕೇಂದ್ರಗಳಲ್ಲಿ ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದ ಎಷ್ಟೋ ಮಂದಿ ದುಡಿಯುತ್ತಿದ್ದಾರೆ. ಪ್ಲಾಸ್ಟಿಕ್ಕಿನ ಬಗೆಗಳನ್ನು ಮುಟ್ಟಿಯೇ ಹೇಳಬಲ್ಲವರು ಅವರು. ಸಾಂಬಾರು ಮೆತ್ತಿದ ರಟ್ಟಿಗೆ ಬೆಲೆಯಿಲ್ಲ. ನಾವು ಚೊಕ್ಕಟವಾಗಿ ಕೊಟ್ಟಷ್ಟೂ ಅವರ ದುಡಿಮೆಗೆ ಬೆಲೆ. ಒಣ ಕಸ ಒಯ್ಯುವ ವಾರ ಯಾವುದೆಂದು ಆಟೋದವರನ್ನೇ ಕೇಳಿ.

ಪ್ಯಾಡ್, ಡೈಪರ್, ಬ್ಯಾಂಡೇಜುಗಳನ್ನು ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಕೆಂಪು ಬುಟ್ಟಿಗೆ ಹಾಕಿ. ಸೂಜಿ, ಬ್ಲೇಡುಗಳನ್ನು ಗಟ್ಟಿ ಡಬ್ಬಿಯಲ್ಲಿ ಮುಚ್ಚಿ, ಆಟೋದವರಿಗೆ ಹೇಳಿಯೇ ಕೊಡಿ. ಬಲ್ಬು, ಬ್ಯಾಟರಿ, ಹಳೆಯ ಔಷಧಿ ಯಾವುದರ ಜತೆಗೂ ಬೆರೆಯದಿರಲಿ. ಒಣಗಿದ ಎಲೆಗೆ ಬೆಂಕಿ ಹಚ್ಚಬೇಡಿ. ತೂತು ಕೊರೆದ ಡ್ರಮ್ಮಿನಲ್ಲಿ ಹಸಿ ಕಸದ ಮೇಲೆ ಅದನ್ನೇ ಪದರವಾಗಿ ಹಾಕುತ್ತ, ವಾರಕ್ಕೊಮ್ಮೆ ಕೆದಕಿದರೆ ಎರಡು ಮೂರು ತಿಂಗಳಲ್ಲಿ ಕುಂಡಗಳಿಗೆ ಗೊಬ್ಬರ ಸಿದ್ಧ.