ಕುಟುಂಬದ ಕಾರಿಗೆ ಎಂಜಿನ್ ಆಯಿಲ್: ಆಯ್ಕೆ ಹೇಗೆ?

ತುಮಕೂರು ನಗರದಿಂದ ಸತ್ಯಮಂಗಲ ಕೈಗಾರಿಕಾ ಪ್ರದೇಶಕ್ಕೆ ನಿತ್ಯ ಕಾರಿನಲ್ಲಿ ಬಂದುಹೋಗುವ ಉದ್ಯಮಿಗಳು ಎಂಜಿನ್ ಆಯಿಲ್ ಕುರಿತು ಅರಿತಿರಬೇಕಾದ ಅಂಶಗಳು ಕೆಲವಿವೆ.

ಡಬ್ಬಿಯ ಮೇಲಿನ ‘5ಡಬ್ಲ್ಯು-30’ರಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹರಿಯುವ ಗುಣವನ್ನೂ, ಎರಡನೆಯದು ಬಿಸಿಯಾದಾಗಿನ ಸ್ನಿಗ್ಧತೆಯನ್ನೂ ಸೂಚಿಸುತ್ತವೆ. ಆಯಿಲ್ ದಪ್ಪವಾದಷ್ಟೂ ಒಳ್ಳೆಯದೆಂಬುದು ತಪ್ಪು ಕಲ್ಪನೆ; ತೆಳು ಆಯಿಲ್‌ಗೆಂದೇ ರೂಪಿಸಿದ ಎಂಜಿನ್ನಿಗೆ ‘20ಡಬ್ಲ್ಯು-50’ ಹಾಕಿದರೆ ಇಂಧನ ವ್ಯಯ ಹೆಚ್ಚುತ್ತದೆ.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನದಂಡ ಜಾರಿಯಾಯಿತು. ಆ ಬಳಿಕದ ಡೀಸೆಲ್ ಕಾರುಗಳಲ್ಲಿ ಮಸಿ ಸೋಸುವ ಫಿಲ್ಟರ್ ಇರುವುದರಿಂದ ಕಡಿಮೆ ಬೂದಿಯ ಆಯಿಲ್ಲೇ ಬೇಕು. ತಪ್ಪಿದರೆ ಫಿಲ್ಟರ್ ಬೇಗ ಕಟ್ಟಿಕೊಂಡು ದುಬಾರಿ ವೆಚ್ಚ ತಂದೊಡ್ಡುತ್ತದೆ.

ಕಿರುದೂರದ ಓಡಾಟದಲ್ಲಿ ಎಂಜಿನ್ ಪೂರ್ತಿ ಕಾಯದೆ ಆಯಿಲ್‌ನಲ್ಲಿ ತೇವಾಂಶ ಉಳಿಯುತ್ತದೆ. ಆದುದರಿಂದ ಕಿಲೋಮೀಟರ್ ತುಂಬದಿದ್ದರೂ ಕೈಪಿಡಿ ಸೂಚಿಸಿದ ಅವಧಿಗೆ ಬದಲಿಸತಕ್ಕದ್ದು. ಕೊಳ್ಳುವಾಗ ಕೈಪಿಡಿಯ ದರ್ಜೆಯನ್ನು ಡಬ್ಬಿಯೊಡನೆ ತಾಳೆ ನೋಡಿ, ಬಿಲ್ ಪಡೆಯುವುದು ಲೇಸು.