ಹೊಸ ಹಾರ್ಡ್ ಡಿಸ್ಕ್ ಮತ್ತು ಎರಡು ಕಾರಣಗಳು

ಗಣಕಯಂತ್ರಕ್ಕೆ ಹೊಸ ಹಾರ್ಡ್ ಡಿಸ್ಕೊಂದನ್ನು ಜೋಡಿಸಿದ ತರುವಾಯ ಅದರ ವೇಗವು ಕುಂದಿತೆಂದರೆ, ಡಿಸ್ಕೇ ಕೆಟ್ಟದೆಂದು ತೀರ್ಮಾನಿಸಿ ಅದನ್ನು ಹಿಂದಿರುಗಿಸುವುದು, ಇಲ್ಲವೆ ಇದ್ದುದನ್ನೆಲ್ಲ ಅಳಿಸಿ ವಿಂಡೋಸನ್ನು ಮತ್ತೊಮ್ಮೆ ಸ್ಥಾಪಿಸುವುದು ಸಾಮಾನ್ಯವಾಗಿ ಜನರು ಹಿಡಿಯುವ ಮಾರ್ಗ. ಇವೆರಡರಲ್ಲಿ ಯಾವುದನ್ನು ಹಿಡಿದಿದ್ದರೂ ನನ್ನ ಯಂತ್ರದ ವ್ಯಾಧಿಯ ಮೂಲವು ನನಗೆ ತಿಳಿಯುತ್ತಿರಲಿಲ್ಲ. ಏಕೆಂದರೆ ಅಲ್ಲಿದ್ದ ಕಾರಣ ಒಂದಲ್ಲ, ಒಂದರ ಹಿಂದೊಂದು ಅಡಗಿದ್ದ ಎರಡು.

ನಿವೃತ್ತಿಯಾದಂದಿನಿಂದ ಹಳೆಯ ಕನ್ನಡ ಮಾಸಪತ್ರಿಕೆಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಕಾಪಿಡುವ ಕಾರ್ಯದಲ್ಲಿ ನಾನು ತೊಡಗಿರುವೆನು. ಎ4 ಗಾತ್ರದ ವರ್ಣಪುಟವೊಂದನ್ನು 600 ಡಿಪಿಐ ಸೂಕ್ಷ್ಮತೆಯಲ್ಲಿ, ಕುಗ್ಗಿಸದೆ ಉಳಿಸಿದರೆ ಅದು 100 ಮೆಗಾಬೈಟನ್ನು ಮೀರುತ್ತದೆ. ಆದುದರಿಂದ ಚಿತ್ರಗಳಿಗೆಂದೇ 4 ಟೆರಾಬೈಟಿನ ಡಿಸ್ಕೊಂದನ್ನು ಕೊಂಡು, ವಿಂಡೋಸ್ ಇದ್ದ ಹಳೆಯ ಡಿಸ್ಕಿನ ಪಕ್ಕದಲ್ಲಿ ಸೇರಿಸಿದೆನು. ಅಂದಿನಿಂದ ಕಡತಗಳ ಪಟ್ಟಿಯನ್ನು ತೆರೆದರೆ ಪರದೆಯು ಸ್ತಬ್ಧವಾಗುತ್ತಿತ್ತು. ಒಂದು ಪುಟವನ್ನು ಉಳಿಸಲು ಹೋದರೆ ಸ್ಕ್ಯಾನರ್ ತಂತ್ರಾಂಶವೇ ಉತ್ತರ ಕೊಡದೆ ನಿಲ್ಲುತ್ತಿತ್ತು. ರಿಪೇರಿ ಅಂಗಡಿಯ ಹುಡುಗನು, "ಫಾರ್ಮ್ಯಾಟ್ ಮಾಡಿಬಿಡೋಣ ಸಾರ್, ಸರಿಹೋಗುತ್ತೆ" ಎಂದನು. ಯಂತ್ರವು ಏನನ್ನು ಕಾಯುತ್ತಿದೆಯೆಂಬುದನ್ನು ತಿಳಿಯದೆ ಏನನ್ನೂ ಅಳಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಟಾಸ್ಕ್ ಮ್ಯಾನೇಜರನ್ನು ತೆರೆದಾಗ ಹೊಸ ಡಿಸ್ಕು 100 ಪ್ರತಿಶತ ನಿರತವಾಗಿದೆಯೆಂದು ಕಾಣಿಸಿತು, ಆದರೆ ವಾಸ್ತವವಾಗಿ ಸಾಗುತ್ತಿದ್ದ ದತ್ತಾಂಶವು ಸೆಕೆಂಡಿಗೆ ಒಂದೆರಡು ಮೆಗಾಬೈಟನ್ನೂ ಮುಟ್ಟುತ್ತಿರಲಿಲ್ಲ. ಆ ನೂರು ಎಂಬುದು ಡಿಸ್ಕು ಮಾಡಿದ ಕೆಲಸದ ಪ್ರಮಾಣವಲ್ಲ, ಅದು ಯಾವುದಾದರೊಂದು ಬೇಡಿಕೆಯನ್ನು ಕೈಯಲ್ಲಿಟ್ಟುಕೊಂಡಿದ್ದ ಕಾಲದ ಪ್ರಮಾಣವೆಂಬುದನ್ನು ಗ್ರಹಿಸಿದರೆ ಅರ್ಧ ಸಮಸ್ಯೆಯು ಅರ್ಥವಾದಂತೆಯೇ ಸರಿ. ನಿಮಿಷಕ್ಕೆ 7200 ಬಾರಿ ಸುತ್ತುವ ತಟ್ಟೆಯಲ್ಲಿ ಬೇಕಾದ ಸ್ಥಳವು ಓದುವ ತಲೆಯ ಕೆಳಗೆ ಬರಲು ಸರಾಸರಿ 4.17 ಮಿಲಿಸೆಕೆಂಡು, 5400 ಬಾರಿ ಸುತ್ತುವುದರಲ್ಲಿ 5.56 ಮಿಲಿಸೆಕೆಂಡು ಬೇಕು. ರಿಸೋರ್ಸ್ ಮಾನಿಟರಿನಲ್ಲಿ ಪ್ರತಿಕ್ರಿಯೆಯ ಕಾಲವು ಸಾವಿರಗಳಲ್ಲಿ ಕಾಣುತ್ತಿರುವಾಗ ಅದನ್ನು ಸಹಜವಾದ ಮಂದಗತಿಯೆಂದು ಹೇಳಲಾಗದು.

ಇವೆಂಟ್ ವ್ಯೂವರಿನಲ್ಲಿ 129 ಮತ್ತು 153 ಎಂಬ ಸಂಖ್ಯೆಗಳ ಎಚ್ಚರಿಕೆಗಳು ಸಾಲಾಗಿ ದಾಖಲಾಗಿದ್ದವು: ಮೊದಲನೆಯದು ಉತ್ತರ ಬಾರದ ಸಾಧನವನ್ನು ವಿಂಡೋಸ್ ರೀಸೆಟ್ ಮಾಡಿತೆಂದೂ, ಎರಡನೆಯದು ವಿಫಲವಾದ ಓದುಬರಹವನ್ನು ಪುನಃ ಪ್ರಯತ್ನಿಸಲಾಯಿತೆಂದೂ ಹೇಳುತ್ತದೆ. ಅನಂತರ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕು ತನ್ನ ಆರೋಗ್ಯದ ಕುರಿತು ತಾನೇ ಬರೆದಿಡುವ ಸ್ಮಾರ್ಟ್ ವಿವರಗಳನ್ನು ನೋಡಿದೆನು. ಕೆಟ್ಟು ಬದಲಾಯಿಸಲ್ಪಟ್ಟ ಸೆಕ್ಟರುಗಳನ್ನು ತಿಳಿಸುವ 5ನೆಯ ಅಂಶವೂ, ಸಂಶಯಾಸ್ಪದ ಸೆಕ್ಟರುಗಳನ್ನು ತಿಳಿಸುವ 197ನೆಯದೂ ಶೂನ್ಯವಾಗಿದ್ದವು. ಬೆಳೆಯುತ್ತಿದ್ದುದು 199ನೆಯದು ಮಾತ್ರ. ಅದು ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಣ ಹಾದಿಯಲ್ಲಿ ಕೆಡುತ್ತಿರುವ ದತ್ತಾಂಶದ ಲೆಕ್ಕ. ಅಂದರೆ ತಟ್ಟೆಗಳು ನಿರ್ದುಷ್ಟ, ದೋಷವಿದ್ದುದು ದಾರಿಯಲ್ಲಿ. ಬೇರೇನನ್ನೂ ಮುಟ್ಟದೆ, ಕೊಂಡಿಯುಳ್ಳ ಹೊಸ ಸಾಟಾ ಕೇಬಲೊಂದನ್ನು ಹಾಕಿದೊಡನೆ ಆ ಲೆಕ್ಕವು ಏರುವುದು ನಿಂತಿತು. ಈ ಸಂಖ್ಯೆಯು ಕೇಬಲನ್ನು ಬದಲಿಸಿದರೂ ಸೊನ್ನೆಗೆ ಮರಳುವುದಿಲ್ಲ. ಆದುದರಿಂದ ಅದರ ಗಾತ್ರಕ್ಕೆ ಬೆದರದೆ, ಅದು ಇನ್ನೂ ಹೆಚ್ಚುತ್ತಿದೆಯೇ ಎಂಬುದನ್ನಷ್ಟೇ ಗಮನಿಸಬೇಕು.

ಯಂತ್ರವು ಸುಸ್ಥಿತಿಗೆ ಬಂದಿತು. ಆದರೆ ಇಡೀ ಸಂಗ್ರಹವನ್ನು ಹೊಸ ಡಿಸ್ಕಿಗೆ ಪ್ರತಿ ಮಾಡಲಾರಂಭಿಸಿದಾಗ, ಮೊದಮೊದಲು ವೇಗವಾಗಿ ಸಾಗಿದ ಬರಹವು ಕೆಲಹೊತ್ತಿನ ಮೇಲೆ ಹಠಾತ್ತನೆ ಕುಸಿಯಿತು. ಈ ಬಾರಿ 199ನೆಯ ಅಂಶವು ಕದಲಲಿಲ್ಲ, ಎಚ್ಚರಿಕೆಗಳೂ ಬರಲಿಲ್ಲ. ಮಾದರಿ ಸಂಖ್ಯೆಯನ್ನು ತಯಾರಕರ ಪಟ್ಟಿಯಲ್ಲಿ ಹುಡುಕಿದಾಗ ಅದು ಎಸ್ಎಂಆರ್ ಜಾತಿಯ ಡಿಸ್ಕೆಂದು ತಿಳಿಯಿತು. ಇಂಥ ಡಿಸ್ಕಿನಲ್ಲಿ ಬರಹದ ಪಥಗಳನ್ನು ಮಾಡಿನ ಹೆಂಚುಗಳಂತೆ ಒಂದರ ಅಂಚಿನ ಮೇಲೊಂದು ಬರುವಂತೆ ಜೋಡಿಸಿರುತ್ತಾರೆ; ಅಷ್ಟೇ ಜಾಗದಲ್ಲಿ ಹೆಚ್ಚು ಪಥಗಳು ಹಿಡಿಯುತ್ತವೆ, ಆದರೆ ನಡುವಣ ಒಂದನ್ನು ತಿದ್ದಬೇಕಾದರೆ ಆ ಪಥಗಳ ಗುಂಪಿನಲ್ಲಿ ಅದರ ಮುಂದಿನವೆಲ್ಲವನ್ನೂ ಪುನಃ ಬರೆಯಬೇಕು. ಬಂದುದನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳಲು ಡಿಸ್ಕಿನಲ್ಲಿ ಬೇರೊಂದು ಭಾಗವಿದ್ದು, ಅದು ತುಂಬುವವರೆಗೆ ಬರಹವು ಸರಾಗವಾಗಿಯೇ ಸಾಗುತ್ತದೆ. ತುಂಬಿದ ಮೇಲೆ ಈ ಪುನರ್ಲೇಖನದ ಭಾರವೆಲ್ಲವೂ ಬಳಕೆದಾರನ ಕಾಲದ ಮೇಲೆ ಬೀಳುತ್ತದೆ.

ಎಸ್ಎಂಆರ್ ಡಿಸ್ಕು ಕೀಳೆಂಬುದು ನನ್ನ ಅಭಿಪ್ರಾಯವಲ್ಲ. ಒಮ್ಮೆ ಬರೆದು ಬಹುಕಾಲ ಓದುವ ಸಂಗ್ರಹಕ್ಕೆ ಅದು ತಕ್ಕುದೇ; ಈಗ ನಾನು ದಿನದ ಸ್ಕ್ಯಾನುಗಳನ್ನು ಹಳೆಯ ಡಿಸ್ಕಿನಲ್ಲಿ ಉಳಿಸಿ, ರಾತ್ರಿ ಸ್ವಲ್ಪ ಸ್ವಲ್ಪವಾಗಿ ಹೊಸದಕ್ಕೆ ಸಾಗಿಸುತ್ತಿದ್ದೇನೆ, ಬಿಡುವಿನಲ್ಲಿ ಡಿಸ್ಕು ತನ್ನ ಜೋಡಣೆಯನ್ನು ತಾನೇ ಮುಗಿಸಿಕೊಳ್ಳುತ್ತದೆ. ಆದರೆ ಕೊಳ್ಳುವವನಿಗೆ ಇದನ್ನು ತಿಳಿಸದೆ ಮಾರುವುದು ಅನ್ಯಾಯ. ಹಲವು ಮಾದರಿಗಳ ವಿಷಯದಲ್ಲಿ ಹಾಗೆಯೇ ನಡೆದಿತ್ತೆಂಬುದು 2020ರಲ್ಲಿ ಬಯಲಾದ ಮೇಲೆಯೇ ತಯಾರಕರು ಇಂಥ ಪಟ್ಟಿಗಳನ್ನು ಪ್ರಕಟಿಸಿದರು. ಡಿಸ್ಕನ್ನು ಕೊಳ್ಳಲಿರುವವರು ಗಾತ್ರವನ್ನೂ ಬೆಲೆಯನ್ನೂ ವಿಚಾರಿಸುವಾಗಲೇ ಅದು ಪಥಗಳು ಒಂದರ ಮೇಲೊಂದು ಬಾರದ ಸಿಎಂಆರ್ ಜಾತಿಯದೋ ಎಸ್ಎಂಆರ್ ಜಾತಿಯದೋ ಎಂದು ಕೇಳಬೇಕೆಂದೂ, ಅಂಗಡಿಯವರಿಗೆ ತಿಳಿಯದಿದ್ದರೆ ಹಣ ಕೊಡುವ ಮೊದಲು ತಯಾರಕರ ವಿವರಪತ್ರದಲ್ಲಿ ಮಾದರಿ ಸಂಖ್ಯೆಯನ್ನು ಹುಡುಕಿ ನೋಡಬೇಕೆಂದೂ ವಿನಂತಿಸುತ್ತೇನೆ.