ಕಾಯಿದೆ ಮತ್ತು ಕಾವಲು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳ ಎರೆನೆಲದಲ್ಲಿ ಹುಲುಸಾಗಿ ಬೆಳೆಯುವುದು ತೊಗರಿ. ಸಿಗರೇಟಿನ ತಂಬಾಕು ಬೆಳೆಯುವುದು ದೂರದ ಹುಣಸೂರು, ಪಿರಿಯಾಪಟ್ಟಣಗಳಲ್ಲಿ. ಬೀಡಿಯ ತಂಬಾಕು ನಿಪ್ಪಾಣಿಯ ಸುತ್ತಮುತ್ತ. ಆದರೂ ಬೀಡಿ, ಸಿಗರೇಟುಗಳು ತೊಗರಿಯ ನಾಡಿನ ಪಾನಪಟ್ಟಿ ಅಂಗಡಿಗಳನ್ನು ತಲಪದೆ ಉಳಿದಿಲ್ಲ. ಒಂದು ಊರಿನ ಬೆಳೆ ಇನ್ನೊಂದು ಊರಿನ ಬೇನೆಯಾಗುವುದು ಹೀಗೆ. ಇಂಥ ಬೇನೆಗೆ ವೈದ್ಯರ ಔಷಧವೊಂದೇ ಸಾಲದು. ದೇಶದ ನೀತಿಯೂ ನೆಟ್ಟಗಿರಬೇಕು.

2003ರಲ್ಲಿ ಭಾರತದ ಸಂಸತ್ತು ತಂಬಾಕು ಉತ್ಪನ್ನಗಳನ್ನು ಕುರಿತ ಕಾಯಿದೆಯನ್ನು ಅಂಗೀಕರಿಸಿತು. ವಿದ್ಯಾಸಂಸ್ಥೆಗಳಿಂದ 100 ಗಜದೊಳಗೆ ತಂಬಾಕಿನ ಮಾರಾಟವನ್ನು ಅದು ನಿಷೇಧಿಸಿತು. ಮರುವರ್ಷವೇ ಭಾರತವು ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಗೆ ಬದ್ಧವಾಯಿತು. ಆರೋಗ್ಯ ನೀತಿಯಲ್ಲಿ ತಂಬಾಕು ಉದ್ಯಮದ ಹಿತಾಸಕ್ತಿಗೆ ಎಡೆಗೊಡಬಾರದೆಂಬುದು ಆ ಒಡಂಬಡಿಕೆಯ ಒಂದು ವಿಧಿ. ಆದರೆ ಕಾಯಿದೆಯನ್ನು ಬರೆಯುವುದು ಒಂದು ಕೆಲಸ, ಅದನ್ನು ಕಾಯುವುದು ಮತ್ತೊಂದು. ಈ ಎರಡನೆಯ ಕೆಲಸದಲ್ಲಿ ತೊಡಗಿದವರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆಯ ಸಂಶೋಧಕ ಡಾ. ಉಪೇಂದ್ರ ಭೋಜಾನಿಯವರು ಒಬ್ಬರು.

ಬೆಂಗಳೂರಿನ ಕಾಡುಗೊಂಡನಹಳ್ಳಿಯ ಬಡಜನರಿಗೆ ಮಧುಮೇಹದ ಚಿಕಿತ್ಸೆ ಹೇಗೆ ದೊರೆಯುತ್ತದೆ ಎಂಬುದನ್ನು ಅವರು ಆಳವಾಗಿ ಅಭ್ಯಾಸ ಮಾಡಿದರು. ಜನರ ಆರೋಗ್ಯವು ಅವರವರ ನಡತೆಯನ್ನಷ್ಟೇ ಅಲ್ಲದೆ ಆಡಳಿತದ ನಡತೆಯನ್ನೂ ಅವಲಂಬಿಸಿದೆ. ತಂಬಾಕಿನ ವಿಷಯದಲ್ಲಿ ಈ ಮಾತಿನ ಸತ್ಯ 2010ರಲ್ಲಿ ಎಲ್ಲರಿಗೂ ಕಾಣುವಂತಾಯಿತು.

ಆ ವರ್ಷ ತಂಬಾಕು ಉದ್ಯಮದ ಅಂತರರಾಷ್ಟ್ರೀಯ ಸಮಾವೇಶವೊಂದು ಬೆಂಗಳೂರಿನಲ್ಲಿ ಏರ್ಪಾಡಾಯಿತು. ಕೇಂದ್ರ ಸರ್ಕಾರದ ತಂಬಾಕು ಮಂಡಳಿ ಅದಕ್ಕೆ ಪ್ರಾಯೋಜಕನಾಗಿ ನಿಂತಿತು. ಬೆಳೆಗಾರರ ಹಿತಕ್ಕಾಗಿ, ರಫ್ತಿನ ಏಳಿಗೆಗಾಗಿ ಹುಟ್ಟಿದ ಮಂಡಳಿಗೆ ಅದು ಸಹಜವೆಂದೇ ತೋರಿದ್ದೀತು. ಆದರೆ ಒಂದು ಕೈಯಿಂದ ತಡೆಯುವ ಸರ್ಕಾರ ಇನ್ನೊಂದು ಕೈಯಿಂದ ಪೋಷಿಸಬಹುದೆ? ಭೋಜಾನಿಯವರ ಸಂಸ್ಥೆ ಈ ಪ್ರಶ್ನೆಯನ್ನು ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೂಲಕ ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದಿಟ್ಟಿತು. ಮಂಡಳಿ ಸಮಾವೇಶದಿಂದ ಹಿಂದೆ ಸರಿಯಬೇಕಾಯಿತು. ಭೋಜಾನಿಯವರು ಅಷ್ಟಕ್ಕೆ ತೃಪ್ತರಾಗದೆ, ತಂಬಾಕು ನೀತಿ ರೂಪುಗೊಳ್ಳುವ ಬಗೆಯನ್ನೇ ತಮ್ಮ ಸಂಶೋಧನೆಯ ವಿಷಯವನ್ನಾಗಿ ಮಾಡಿಕೊಂಡರು. 2020ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ತಂಬಾಕು ಉದ್ಯಮದೊಡನೆ ತನ್ನ ಅಧಿಕಾರಿಗಳು ಹೇಗೆ ವ್ಯವಹರಿಸಬೇಕೆಂಬ ನೀತಿಸಂಹಿತೆಯನ್ನು ಜಾರಿಗೆ ತಂದಿತು.

ತಂಬಾಕು ಬೆಳೆದು ಬದುಕುವ ರೈತರಿಗೆ ಬೇರೆ ದಾರಿ ತೋರಿಸುವ ಹೊಣೆ ಇನ್ನೂ ಉಳಿದಿದೆ. ಆಳಂದ, ಅಫಜಲಪುರ, ಜೇವರ್ಗಿಗಳ ಶಾಲೆಗಳ ಸುತ್ತ ಕಾಯಿದೆ ಎಳೆದ ಗೆರೆ ಕಣ್ಣಿಗೆ ಕಾಣುವಂಥದಲ್ಲ. ಅದನ್ನು ಉಳಿಸಿಕೊಳ್ಳಲು ನ್ಯಾಯಾಲಯದ ಆಜ್ಞೆಯ ಜೊತೆಗೆ ಊರಿನವರ ಎಚ್ಚರವೂ ಬೇಕು.